ಆಷಾಢದ ಬಿಡುವಿನಲ್ಲಿ ವೆಬ್ ದೂರದರ್ಶಕದ ಫೋಟೋ ಮಾಡಿದ್ದು: ನನ್ನ ಅನುಭವ

ಮುಳಬಾಗಿಲಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಆಷಾಢದಲ್ಲಿ ಮದುವೆ ಇರುವುದಿಲ್ಲ, ಆಲ್ಬಮ್ ಕೆಲಸವೂ ಕಮ್ಮಿ. ಹೋದ ಸಲ ಆ ಬಿಡುವಿನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಫೈಲುಗಳನ್ನು ಇಳಿಸಿಕೊಂಡು ನಾನೇ ಒಂದು ಚಿತ್ರ ಮಾಡಿದೆ. ಮಾಸ್ಟ್ ಅನ್ನುವ ಸಂಗ್ರಹದಲ್ಲಿ ಇವು ಯಾರಿಗಾದರೂ ಪುಕ್ಕಟೆ ಸಿಗುತ್ತವೆ.

ಆರಿಸಿಕೊಂಡಿದ್ದು ಈಗಲ್ ಅನ್ನುವ ನೀಹಾರಿಕೆಯ, ಅಂದರೆ ಬಾನಿನ ಅನಿಲ-ಧೂಳಿನ ಮೋಡದ, ಧೂಳಿನ ಕಂಬಗಳನ್ನು. ಸುಮಾರು 6,500 ಜ್ಯೋತಿರ್ವರ್ಷ ದೂರ. ಇವುಗಳ ಫೋಟೋವನ್ನು ಹಬಲ್ ದೂರದರ್ಶಕ 1995ರಲ್ಲಿ ತೆಗೆದಿತ್ತು, ವೆಬ್ 2022ರಲ್ಲಿ.

ಫೈಲ್ ತೆರೆದರೆ ಬರೀ ಕಪ್ಪು, ಅಲ್ಲಲ್ಲಿ ನಾಲ್ಕು ಚುಕ್ಕಿ. ಕೆಟ್ಟುಹೋದ ಫೈಲೇನೋ ಅಂದುಕೊಂಡೆ. ಹಾಗಲ್ಲ, ನಕ್ಷತ್ರಗಳು ವಿಪರೀತ ಬೆಳಗುತ್ತವೆ, ಧೂಳು ತೀರಾ ಮಂಕು. ಮಂಟಪದ ಲೈಟಿನ ಹಿಂದೆ ಕತ್ತಲಲ್ಲಿ ಕೂತ ನೆಂಟರ ಮುಖಗಳನ್ನು ಎತ್ತುತ್ತೇವಲ್ಲ, ಹಾಗೇ ಫೋಟೋ ತಿದ್ದುವ ಸಾಫ್ಟ್‌ವೇರಿನ ಕರ್ವ್ಸ್‌ನಲ್ಲಿ ಕಪ್ಪನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋದೆ, ಕಂಬಗಳು ಎದ್ದು ಬಂದವು. ಮೈ ಜುಮ್ ಅಂತು.

ಎಲ್ಲ ಫೈಲೂ ಕಪ್ಪು ಬಿಳುಪು, ಫಿಲ್ಟರಿಗೊಂದು. ವೆಬ್ ನೋಡುವುದು ಕಣ್ಣಿಗೆ ಕಾಣದ ಅತಿಗೆಂಪು ಬೆಳಕನ್ನು, ಒಂದೊಂದು ಫಿಲ್ಟರು ಅದರ ಒಂದೊಂದು ಅಲೆಯುದ್ದವನ್ನು ಹಿಡಿಯುತ್ತದೆ. ನಾನು ಮೂರು ತಗೊಂಡೆ: 0.9, 2, 4.4 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಚಿಕ್ಕ ಅಲೆಗೆ ನೀಲಿ, ನಡುವಿನದಕ್ಕೆ ಹಸಿರು, ಉದ್ದದ್ದಕ್ಕೆ ಕೆಂಪು.

"ಬಣ್ಣ ನೀವೇ ಹಾಕಿದ್ದಾ ಅಣ್ಣ? ಹಾಗಾದರೆ ಸುಳ್ಳಲ್ವಾ?" ಅಂದ ಅಂಗಡಿ ಹುಡುಗ.

ಸುಳ್ಳಲ್ಲ. ಕಾಮನಬಿಲ್ಲಿನಲ್ಲೂ ನೀಲಿಯ ಅಲೆ ಚಿಕ್ಕದು, ಕೆಂಪಿನದು ಉದ್ದ. ಆ ಕ್ರಮವನ್ನು ಹಾಗೇ ಇಟ್ಟು ಕಣ್ಣಿಗೆ ಕಾಣುವ ಜಾಗಕ್ಕೆ ಸರಿಸಿದ್ದೇನೆ ಅಷ್ಟೇ. ನಮ್ಮ ಅಂಗಡಿಯ ಸಿಸಿಟಿವಿ ರಾತ್ರಿ ನೋಡುವುದೂ ಹತ್ತಿರತ್ತಿರ ಆ 0.9ರ ಬೆಳಕಿನಲ್ಲೇ ಅಂತ ತೋರಿಸಿದ ಮೇಲೆ ಅವನು ಒಪ್ಪಿದ.

ಈ ಬೆಳಕು ಧೂಳನ್ನು ದಾಟಿ ಬರುತ್ತದೆ. ಹಬಲ್ ಚಿತ್ರದಲ್ಲಿ ಕಂಬಗಳು ಗೋಡೆಯ ಹಾಗೆ ಅಡ್ಡ ನಿಂತಿವೆ. ಇಲ್ಲಿ ಅಂಚಿನಲ್ಲಿ ಕೆಂಪು ಚುಕ್ಕಿಗಳು ಸಿಕ್ಕವು, ಈಗಷ್ಟೇ ಹುಟ್ಟಿರುವ ನಕ್ಷತ್ರಗಳು. ಅವುಗಳಿಗಾಗಿಯೇ ಎರಡು ರಾತ್ರಿ ಕೂತೆ.

ಒಂದು ಮಾತು ಮೊದಲೇ ಗೊತ್ತಿದ್ದರೆ ಒಂದು ದಿನ ಉಳಿಯುತ್ತಿತ್ತು. 4.4ರ ಫೈಲ್ ಅಳತೆಯಲ್ಲಿ ಅರ್ಧ ಇರುತ್ತದೆ, ಎರಡರಷ್ಟು ಹಿಗ್ಗಿಸಿ ನಕ್ಷತ್ರಕ್ಕೆ ನಕ್ಷತ್ರ ಕೂರಿಸಬೇಕು, ಇಲ್ಲವಾದರೆ ಒಂದೊಂದರ ಪಕ್ಕದಲ್ಲೂ ಕೆಂಪು ನೆರಳು. ದೊಡ್ಡ ನಕ್ಷತ್ರಗಳ ಮಧ್ಯಭಾಗದಲ್ಲಿ ಕಪ್ಪು ತೂತು ಕಂಡರೆ ಹೆದರಬೇಡಿ. ಬೆಳಕು ಜಾಸ್ತಿಯಾಗಿ ಅಲ್ಲಿ ಮಾಹಿತಿಯೇ ದಾಖಲಾಗಿರುವುದಿಲ್ಲ.

ಅಂದಹಾಗೆ, ವೆಬ್‌ನ 6.5 ಮೀಟರ್ ಅಗಲದ ಕನ್ನಡಿಗೆ ಬಳಿದ ಚಿನ್ನ ಒಟ್ಟು ಸುಮಾರು 48 ಗ್ರಾಂ ಮಾತ್ರ. ಅದಕ್ಕಿಂತ ಜಾಸ್ತಿ ಹಾಕಿಕೊಂಡ ಮದುಮಗಳ ಫೋಟೋ ನಾನೇ ತೆಗೆದಿದ್ದೇನೆ!

ಈಗ ಅದೇ ಕಂಬಗಳನ್ನು ವೆಬ್‌ನ ಇನ್ನೊಂದು ಕ್ಯಾಮೆರಾ ಮಿರಿ ತೆಗೆದ ಫೈಲ್ ಇಳಿಯುತ್ತಿದೆ. ಅದರಲ್ಲಿ ಬಹಳಷ್ಟು ನಕ್ಷತ್ರಗಳು ಮಾಯವಾಗಿ ಧೂಳೇ ಬೆಳಗುತ್ತದೆ.