ಕೋವಿಡ್ ವಾರ್ಡಿನಲ್ಲಿ ನನ್ನ ಕೈಲಿದ್ದದ್ದು ಡ್ಯೂಟಿ ಚಾರ್ಟ್ ಒಂದೇ

2021ರ ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯ ಒಂದು ಕೋವಿಡ್ ವಾರ್ಡಿಗೆ ನಾನು ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಆಸ್ಪತ್ರೆ ಹೆಸರು ಬೇಡ. ಆಗ ಸಿಬ್ಬಂದಿ ಮನಸ್ಸು ಕುಗ್ಗದ ಹಾಗೆ ಹೇಗೆ ಸಂಭಾಳಿಸಿದ್ರಿ ಮೇಡಂ ಅಂತ ಈಗಿನ ನರ್ಸಿಂಗ್ ಹುಡುಗಿಯರು ಕೇಳುತ್ತಾರೆ. ಯೋಗ, ಧ್ಯಾನ ಅಂತ ಏನೋ ಹೇಳ್ತೀನಿ ಅಂದುಕೊಂಡಿರುತ್ತಾರೆ, ಪಾಪ. ಅದೆಲ್ಲ ನನಗೆ ಬರಲ್ಲ. ಯಾರಿಗೆ ಯಾವ ಕೆಲಸ ಅಂತ ಬರೆಯುವ ಚಾರ್ಟ್ ನನ್ನ ಕೈಲಿತ್ತು, ಅದರಲ್ಲಿ ಆದಷ್ಟು ಮಾಡಿದೆ.

ಮೊದಲು ಕಣ್ಣಿಗೆ ಬಿದ್ದದ್ದು ಫೋನ್ ಕೆಲಸ. ಮನೆಯವರನ್ನು ಒಳಗೆ ಬಿಡುತ್ತಿರಲಿಲ್ಲ, ಸಾವಿನ ಸುದ್ದಿಯನ್ನೂ ಫೋನಲ್ಲೇ ಹೇಳಬೇಕಿತ್ತು. ಡಾಕ್ಟರ್ ಹೇಳಬೇಕು ನಿಜ, ಆದರೆ ಅವರು ಅಷ್ಟೊತ್ತಿಗೆ ಇನ್ನೊಂದು ಬೆಡ್ ಹತ್ತಿರ ಇರುತ್ತಿದ್ದರು. ಕೊನೆಗೆ ಮೆತ್ತಗೆ ಮಾತಾಡುವ ಒಬ್ಬಳೇ ಹುಡುಗಿಗೆ ಅದು ಅಂಟಿಕೊಂಡಿತು. 'ನೀನು ಚೆನ್ನಾಗಿ ಹೇಳ್ತೀಯ, ನೀನೇ ಮಾಡು' ಅಂತ. ಒಂದಿನ ಜಗಳೂರು ಕಡೆಯ ಒಬ್ಬ ಹುಡುಗ, 'ಬೆಳಿಗ್ಗೆ ಅಪ್ಪ ಇಡ್ಲಿ ತಿಂದ್ರು ಅಂದಿದ್ರಲ್ಲ ಸಿಸ್ಟರ್' ಅಂತ ಅದನ್ನೇ ಮತ್ತೆ ಮತ್ತೆ ಕೇಳಿದ. ತಿಂದಿದ್ದು ಸುಳ್ಳಲ್ಲ. ರಕ್ತದಲ್ಲಿ ಆಕ್ಸಿಜನ್ ಕುಸಿದಿದ್ದರೂ ಮಾತಾಡಿಕೊಂಡು, ತಿಂಡಿ ತಿಂದುಕೊಂಡು ಇರುವ ರೋಗಿಗಳನ್ನು ಆಗ ನಾವು ದಿನಾ ನೋಡುತ್ತಿದ್ದೆವು, ಅದನ್ನು ಅಳುತ್ತಿರುವ ಮಗನಿಗೆ ಫೋನಲ್ಲಿ ಹೇಗೆ ಬಿಡಿಸಿ ಹೇಳುವುದು? ಲೈನ್ ಕಟ್ ಆದ ಮೇಲೂ ಅವಳು ಫೋನ್ ಕಿವಿಗಿಟ್ಟುಕೊಂಡು 'ಹ್ಞೂಂ, ಹ್ಞೂಂ' ಅನ್ನುತ್ತಾ ನಿಂತಿದ್ದಳು.

ಅವತ್ತೇ ಚಾರ್ಟ್‌ನಲ್ಲಿ 'ಫೋನ್' ಅಂತ ಹೊಸ ಗೆರೆ ಎಳೆದೆ. ಶಿಫ್ಟಿಗೆ ಇಬ್ಬರು. ಒಬ್ಬರು ಮಾತಾಡಬೇಕು, ಇನ್ನೊಬ್ಬರು ಪಕ್ಕದಲ್ಲೇ ಕೂತಿರಬೇಕು. ಇವತ್ತು ಮಾತಾಡಿದವರಿಗೆ ನಾಳೆ ಫೋನ್ ಇಲ್ಲ. ಸಾವಿನ ಸುದ್ದಿ ಹೇಳಿದವರು ಟೀ ಕುಡಿದು ಬರುವ ತನಕ ಯಾರೂ ಕರೆಯಬಾರದು. ಜೊತೆಗೆ ದಿನಾ ಸಂಜೆ ಪ್ರತಿ ಮನೆಗೂ ಫೋನ್ ಮಾಡಿ, ಸೀರಿಯಸ್ ಇದ್ದರೆ ಸೀರಿಯಸ್ ಅಂತಲೇ ಹೇಳಲು ಶುರು ಮಾಡಿದೆವು. ಮೊದಲೇ ಗೊತ್ತಿದ್ದವರು ಬೈಯುವುದು ಕಡಿಮೆಯಾಯಿತು. ಕೆಲವು ಸೀನಿಯರ್‌ಗಳು ಮುಖ ಊದಿಸಿಕೊಂಡರು. ನನ್ನ ಹೆಸರು ಮೊದಲು ಬರೆದ ಮೇಲೆ ಸುಮ್ನಾದರು.

ಇನ್ನು ಪಿಪಿಇ ಕಿಟ್. ಒಮ್ಮೆ ಹಾಕಿದರೆ ನೀರಿಲ್ಲ, ಬಾತ್‌ರೂಮ್ ಇಲ್ಲ. ನಮ್ಮೂರಿನ ಮೇ ಬಿಸಿಲಲ್ಲಿ ಅದರೊಳಗೆ ಬೆಂದು ಹೋಗುತ್ತಿದ್ದೆವು. ಮುಟ್ಟಾದ ಹುಡುಗಿಯರು ಬಾಯಿ ಬಿಡದೆ ಅನುಭವಿಸುತ್ತಿದ್ದರು. 'ಇವತ್ತು ಹೊರಗಿನ ಡ್ಯೂಟಿ' ಅಂತ ಮೆಸೇಜ್ ಹಾಕಿದರೆ ಸಾಕು, ಕಾರಣ ಕೇಳಲ್ಲ ಅಂದೆ. ಹುಡುಗರೂ ಒಂದೆರಡು ಸಲ ಹಾಗೆ ಮೆಸೇಜ್ ಹಾಕಿದರು, ಅವರನ್ನೂ ಕೇಳಲಿಲ್ಲ.

ಹೆಣ ಪ್ಯಾಕ್ ಮಾಡುತ್ತಿದ್ದ ಡಿ ಗ್ರೂಪ್‌ನವರಿಗೆ ಮಾತ್ರ ನನ್ನಿಂದ ಏನೂ ಆಗಲಿಲ್ಲ. ಅವರ ಹೆಸರು ಗುತ್ತಿಗೆದಾರನ ಪಟ್ಟಿಯಲ್ಲಿತ್ತು. ಜಾಸ್ತಿ ಹೆಣ ಮುಟ್ಟಿದವರು ಅವರೇ, ಹೇಗಿದ್ದೀರಿ ಅಂತ ಅವರನ್ನು ಕೇಳಿದವರಿಲ್ಲ. 2020ರ ಮಾರ್ಚ್ 22ರಂದು ನಮಗೆ ಥ್ಯಾಂಕ್ಸ್ ಅಂತ ಜನ ತಟ್ಟೆ ಬಡಿದರಲ್ವಾ, ಆಮೇಲೆ ನಮ್ಮ ಒಬ್ಬ ಆಯಾಗೆ ಬಾಡಿಗೆ ಮನೆ ಖಾಲಿ ಮಾಡು ಅಂದರು.

ವಿಶ್ವ ಆರೋಗ್ಯ ಸಂಸ್ಥೆ ಬರ್ನೌಟ್ ಅನ್ನುವುದನ್ನು 2019ರಲ್ಲೇ ಕಾಯಿಲೆ ಅಲ್ಲ, ಕೆಲಸದಿಂದ ಬರುವ ತೊಂದರೆ ಅಂತ ಹೇಳಿದೆ. ತೀರಾ ದಣಿವು, ಕೆಲಸ ಕಂಡರೆ ಬೇಸರ, ನನ್ನಿಂದ ಏನೂ ಆಗ್ತಿಲ್ಲ ಅನ್ನಿಸುವುದು. ಕೆಲಸದಿಂದ ಬರುವುದನ್ನು ಕೆಲಸ ಹಂಚುವುದರಲ್ಲೇ ಅರ್ಧ ಸರಿ ಮಾಡಬಹುದು ಅನ್ನುವುದು ನನ್ನ ಲೆಕ್ಕ. ಎಲ್ಲ ಅಲ್ಲ. ಅಲೆ ಇಳಿದು ವಾರ್ಡ್ ಖಾಲಿಯಾದ ಮೇಲೆ ನಮ್ಮ ಒಬ್ಬ ಬ್ರದರ್‌ಗೆ, ಅಂದರೆ ಗಂಡು ನರ್ಸ್‌ಗೆ, ನಿದ್ದೆಯೇ ಬರದಂತಾಯಿತು. ಮಾನಿಟರ್ ಬೀಪ್ ಕೇಳಿದರೆ ಕೈ ನಡುಗುತ್ತಿತ್ತು. ಇದು ಚಾರ್ಟಿಗೆ ಬಗ್ಗುವ ವಿಷಯ ಅಲ್ಲ. 'ಇಲ್ಲಿ ಮಾನಸಿಕ ಓಪಿಡಿಗೆ ಹೋದ್ರೆ ಎಲ್ಲರೂ ನೋಡ್ತಾರೆ ಸಿಸ್ಟರ್' ಅಂದ. ನೋಡೋದೂ ನಿಜ, ಸ್ಟಾಫ್‌ನವರೇ ಮೊದಲು ಆಡಿಕೊಳ್ಳುತ್ತಾರೆ. ಅದಕ್ಕೆ ಬೇರೆ ಊರಿನ ಡಾಕ್ಟರ್ ಹತ್ತಿರ ಕಳಿಸಿದೆವು, ರಜೆ ನಾನು ಹೊಂದಿಸಿದೆ. ಮಾತ್ರೆ ತಗೊಂಡ, ಈಗ ಆಪರೇಷನ್ ಥಿಯೇಟರ್‌ನಲ್ಲಿದ್ದಾನೆ.

2022ರ ಅಕ್ಟೋಬರ್‌ನಿಂದ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ನಂಬರ್ 14416. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೈಟ್ ಡ್ಯೂಟಿ ಮುಗಿಸಿ ಬಂದು ನಿದ್ದೆ ಹತ್ತದಿದ್ದರೆ ಆಗಲೇ ಮಾಡಿ, ರಜೆ ಸಿಗಲಿ ಅಂತ ಕಾಯಬೇಡಿ.