ಮಳೆನಾಡಿನ ಮನೆಗೊಂದು ಆರ್ಕೇಡ್ ಜಾಯ್‌ಸ್ಟಿಕ್ ಪೆಟ್ಟಿಗೆ

1980ರಲ್ಲಿ ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ಬಂದ, ಭೂತಗಳಿಂದ ತಪ್ಪಿಸಿಕೊಂಡು ಓಡುವ ಆಟ ಪ್ಯಾಕ್‌ಮ್ಯಾನ್‌ನ ಹೊಸ ಅವತಾರವಾದ ‘ಪ್ಯಾಕ್‌ಮ್ಯಾನ್ ಚಾಂಪಿಯನ್‌ಶಿಪ್ ಎಡಿಷನ್ ಡಿಎಕ್ಸ್ ಪ್ಲಸ್’ ಆಗಲಿ, ಬಣ್ಣದ ಗುಳ್ಳೆ ಒಡೆಯುವ ಪಝಲ್ ಬಾಬಲ್ ಮಾದರಿಯ ಉಚಿತ ‘ಫ್ರೋಝನ್ ಬಬಲ್’ ಆಗಲಿ, ಹಳೇ ಲ್ಯಾಪ್‌ಟಾಪಿಗೂ ಭಾರವಲ್ಲ. ಆದರೂ ಆಟ ಕೈಗೆ ಹತ್ತುತ್ತಿಲ್ಲ ಅಂದರೆ ಮೊದಲು ಅನುಮಾನಿಸಬೇಕಾದ್ದು ಕೀಬೋರ್ಡು ಮತ್ತು ಲ್ಯಾಪ್‌ಟಾಪಿಗೆ ಜೋಡಿಸಿದ ಟಿವಿಯನ್ನು.

ಟಿವಿಯದು ಸುಲಭ. ಅದರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ. ಇಲ್ಲದಿದ್ದರೆ ಚಿತ್ರ ಚಂದ ಮಾಡುವ ಭರದಲ್ಲಿ ಟಿವಿ ಕೆಲವು ಫ್ರೇಮ್ ತಡ ಮಾಡುತ್ತದೆ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಚಿತ್ರ ತೋರಿಸುವಾಗ, ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್, ನಾಲ್ಕು ಫ್ರೇಮ್ ತಡವಾದರೆ ತಿರುವು ತಪ್ಪಿತೆಂದೇ ಲೆಕ್ಕ. ಆಮೇಲೂ ಎಳೆದಂತೆ ಅನಿಸಿದರೆ ಆಟದ ಸೆಟ್ಟಿಂಗ್‌ನಲ್ಲಿ ವಿ-ಸಿಂಕ್ (ಆಟದ ಫ್ರೇಮನ್ನು ಪರದೆಯ ಲಯಕ್ಕೆ ಹೊಂದಿಸುವ ಆಯ್ಕೆ) ತೆಗೆದು ನೋಡಿ.

ಕೀಬೋರ್ಡಿನ ಬದಲಿಗೆ ಬೇಕಾದ ಜಾಯ್‌ಸ್ಟಿಕ್ ಪೆಟ್ಟಿಗೆಯನ್ನು ಮನೆಯಲ್ಲೇ ಕಟ್ಟಬಹುದು. ಒಂದು ಜಾಯ್‌ಸ್ಟಿಕ್, ಆರು ಬಟನ್, ಬಟನ್ ಒತ್ತಿದ್ದನ್ನು ಕಂಪ್ಯೂಟರಿಗೆ ತಿಳಿಸುವ ಒಂದು ಯುಎಸ್‌ಬಿ ಎನ್‌ಕೋಡರ್ ಬೋರ್ಡು ಮತ್ತು ಅದರ ವೈರುಗಳು ಕಿಟ್ ಆಗಿಯೇ ಆನ್‌ಲೈನಿನಲ್ಲಿ ಸಿಗುತ್ತವೆ. ಮೇಲ್ಹಲಗೆಗೆ 30×20 ಸೆಂ.ಮೀ. ಅಳತೆಯ, 6 ಮಿ.ಮೀ. ದಪ್ಪದ ಮರೀನ್ ಪ್ಲೈವುಡ್ ಸಾಕು. ಗಟ್ಟಿಯಾಗಲಿ ಎಂದು 12 ಮಿ.ಮೀ. ಹಾಕಿದರೆ ಜಾಯ್‌ಸ್ಟಿಕ್‌ನ ಹಿಡಿ ಕುಳ್ಳಾಗಿಬಿಡುತ್ತದೆ. ಗಟ್ಟಿತನ ಬೇಕಾದರೆ ಅಡಿಗೆ ರೀಪು ಹೊಡೆಯಿರಿ. ಬಟನ್ ನಟ್ ಬಿಗಿಯುವ ಬಗೆಯದ್ದಿರಲಿ. ಕ್ಲಿಪ್ಪಿನವು ತೆಳು ತಗಡಿಗೆ ಸರಿ, ಮರಕ್ಕೆ ಹಿಡಿಯುವುದು ಅನುಮಾನ. ಬಟನ್‌ಗಳಲ್ಲಿ 28 ಮತ್ತು 30 ಮಿ.ಮೀ. ಎರಡೂ ಇವೆ, ತೂತಿನೊಳಗೆ ಇಳಿಯುವ ಕತ್ತನ್ನು ಅಳೆದ ಮೇಲೆಯೇ ಹೋಲ್ ಸಾ (ದುಂಡಗೆ ತೂತು ಕೊರೆಯುವ ಗರಗಸ) ಹಾಕಿ. ಜಾಯ್‌ಸ್ಟಿಕ್‌ಗೆ 24 ಮಿ.ಮೀ. ತೂತು ಸಾಕು. ತೂತಿನ ಒಳಅಂಚಿಗೂ ವಾರ್ನಿಶ್ ಎರಡು ಕೋಟ್ ಬೇಕೇಬೇಕು. ತೀರ್ಥಹಳ್ಳಿ, ಹೊಸನಗರದ ಕಡೆಯ ಜಡಿಮಳೆಗೆ ಬರೀ ಪ್ಲೈವುಡ್ ನೀರು ಕುಡಿದು ಉಬ್ಬಿದರೆ ಬಟನ್ ಒತ್ತಿದ್ದು ಮೇಲೇಳುವುದಿಲ್ಲ.

ವೈರಿಂಗ್‌ನಲ್ಲಿ ಎಡವುವುದು ಎರಡೇ ಕಡೆ. ಬಟನ್ ಮತ್ತು ಹಿಡಿಯ ಅಡಿಯಲ್ಲಿರುವ ಪುಟ್ಟ ಮೈಕ್ರೋಸ್ವಿಚ್‌ಗೆ ಮೂರು ಕಾಲಿದ್ದರೆ ‘ಕಾಮನ್’ ಮತ್ತು ‘ಎನ್‌ಒ’ಗೆ (ಒತ್ತಿದಾಗ ಮಾತ್ರ ಕೂಡುವ ಕಾಲು) ಮಾತ್ರ ವೈರ್ ಸಿಕ್ಕಿಸಿ. ಒತ್ತದಿದ್ದಾಗ ಕೂಡಿರುವ ‘ಎನ್‌ಸಿ’ಗೆ ಹಾಕಿದರೆ ಮುಟ್ಟದೇ ಇದ್ದರೂ ಬಟನ್ ಸದಾ ಒತ್ತಿದಂತೆಯೇ ಇರುತ್ತದೆ. ಇನ್ನೊಂದು: ಹಿಡಿಯನ್ನು ಮೇಲಕ್ಕೆ ತಳ್ಳಿದಾಗ ಒಳಗೆ ಒತ್ತುವುದು ಕೆಳಬದಿಯ ಸ್ವಿಚ್ಚನ್ನು, ಎಡಕ್ಕೆ ತಳ್ಳಿದರೆ ಬಲದ್ದನ್ನು. ದಿಕ್ಕು ಉಲ್ಟಾ ಬಂದರೆ ಬೋರ್ಡನ್ನು ಬೈಯಬೇಡಿ, ವೈರ್ ಅದಲುಬದಲು ಮಾಡಿ.

ಪ್ಯಾಕ್‌ಮ್ಯಾನ್ ನಾಲ್ಕು ದಿಕ್ಕಿನ ಆಟ. ಎಂಟು ದಿಕ್ಕಿನ ಜಾಯ್‌ಸ್ಟಿಕ್‌ನಲ್ಲಿ ಓರೆ ತಳ್ಳಿದಾಗ ಎರಡು ಸ್ವಿಚ್ ಒಟ್ಟಿಗೆ ಒತ್ತಿ, ಮೂಲೆಯಲ್ಲಿ ತಿರುಗದೆ ನೇರ ಹೋಗಿ ಭೂತದ ಬಾಯಿಗೆ ಬೀಳುತ್ತೀರಿ. ಕೆಲವು ಜಾಯ್‌ಸ್ಟಿಕ್‌ಗಳ ತಳದಲ್ಲಿ ಹಿಡಿಯ ಓಡಾಟಕ್ಕೆ ಮಿತಿ ಹಾಕುವ ಗೇಟ್ ಪ್ಲೇಟನ್ನು ತಿರುಗಿಸಿ ಕೂರಿಸಿದರೆ ನಾಲ್ಕೇ ದಿಕ್ಕಾಗುತ್ತದೆ. ಕೊಳ್ಳುವಾಗಲೇ ಇದನ್ನು ವಿಚಾರಿಸಿ. ದುಬಾರಿ ಬಟನ್‌ಗಿಂತ ಇದು ಮುಖ್ಯ.

ವಿಂಡೋಸ್‌ನ ‘ಗೇಮ್ ಕಂಟ್ರೋಲರ್’ ಕಿಟಕಿಯಲ್ಲಿ ಒಂದೊಂದೇ ಬಟನ್ ಒತ್ತಿ ಪರೀಕ್ಷಿಸಿ. ಅಲ್ಲಿ ದೀಪ ಹತ್ತಿ ಆಟದಲ್ಲಿ ಮಾತ್ರ ಕೆಲಸ ಮಾಡದಿದ್ದರೆ, ಆಟಕ್ಕೆ ಎಕ್ಸ್‌ಬಾಕ್ಸ್ ಬಗೆಯ ಕಂಟ್ರೋಲರ್ ಮಾತ್ರ ಗೊತ್ತು ಅಂತ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಆಟವಾದರೆ ಅದರ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಸ್ಟೀಮ್ ಇನ್‌ಪುಟ್ ಆನ್ ಮಾಡಿ ಬಟನ್ ಹೊಂದಿಸಿ. ಮನೆಯಲ್ಲಿ ನೆಟ್‌ವರ್ಕ್ ಸಿಗದವರು ಶಿವಮೊಗ್ಗ ಪೇಟೆಗೆ ಹೋದಾಗಲೇ ಡೌನ್‌ಲೋಡ್ ಮುಗಿಸಿ, ಒಮ್ಮೆ ಆಟ ತೆರೆದು, ಸ್ಟೀಮನ್ನು ಆಫ್‌ಲೈನ್ ಮೋಡ್‌ಗೆ ಹಾಕಿಕೊಂಡು ಬನ್ನಿ.

ಏಪ್ರಿಲ್–ಮೇ ಸಂಜೆ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ, ಯುಪಿಎಸ್ ಇದ್ದರೂ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ತಿಂಗಳುಗಟ್ಟಲೆ ಮುಟ್ಟದ ಬಟನ್ ಒಂದೊಂದು ಸಲ ತಪ್ಪಿಸತೊಡಗಿದರೆ ಇಪ್ಪತ್ತು ಮೂವತ್ತು ಸಲ ಬಿಡದೆ ಒತ್ತಿ. ಸ್ವಿಚ್ಚಿನೊಳಗಿನ ಲೋಹದ ಸಂಪರ್ಕದ ಮೇಲೆ ಕೂತ ಕಿಲುಬಿನ ಪದರ ಸವೆದು ಸರಿಯಾದೀತು. ಆಗದಿದ್ದರೆ ಮೈಕ್ರೋಸ್ವಿಚ್ ಒಂದನ್ನೇ ಬದಲಿಸಿ, ಇಡೀ ಬಟನ್ ಬೇಡ.