ಬಾದಾಮಿಯ ನೆರಳು, ಧಾರವಾಡದ ಕಿಟಕಿ

ಬಾದಾಮಿಯ ಬಂಡೆ ಬರೆಯಲು ಕೂತವರು ಸಾಮಾನ್ಯವಾಗಿ ಮೊದಲು ಕೆಂಪು ಟ್ಯೂಬಿಗೆ ಕೈ ಹಾಕುತ್ತಾರೆ. ನಾನು ನೀಲಿಗೆ ಹಾಕುತ್ತೇನೆ. ಬಿಸಿಲು ಬಿದ್ದ ಕೆಂಪು ಎಲ್ಲಿಗೂ ಓಡಿಹೋಗುವುದಿಲ್ಲ. ಮನೆಗೆ ಬಂದ ಮೇಲೂ ಕಣ್ಣಲ್ಲಿರುತ್ತದೆ, ಫೋಟೋದಲ್ಲೂ ಒಂದು ಮಟ್ಟಿಗೆ ಸಿಗುತ್ತದೆ. ಸಿಗದಿರುವುದು ನೆರಳು. ಧಾರವಾಡದಿಂದ ಮತ್ತೆ ಮತ್ತೆ ಬಣ್ಣದ ಚೀಲ ಹೊತ್ತುಕೊಂಡು ಹೋಗುವುದು ಅದಕ್ಕಾಗಿಯೇ.

ಅಗಸ್ತ್ಯ ತೀರ್ಥ ಕೆರೆಯ ದಂಡೆಯಲ್ಲಿ ಕೂತರೆ ಯಾರಾದರೂ ಬಂದು ಬೆನ್ನ ಹಿಂದೆ ನಿಲ್ಲುವುದು ಖಂಡಿತ. ಒಮ್ಮೆ ಎಮ್ಮೆ ಹೊಡೆದುಕೊಂಡು ಬಂದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು: "ಇಷ್ಟೊತ್ತು ಕುಂತು ತಗೀತೀರಲ್ರೀ ಸರ, ಒಂದು ಫೋಟೋ ಹೊಡ್ಕೊಂಡು ಹೋದ್ರ ಆಗ್ತಿತ್ತಲ್ಲ?" ನಾನು ವಾದಕ್ಕೆ ಹೋಗಲಿಲ್ಲ. ಫೋನು ತೆಗೆದು ಎದುರಿನ ಗುಡ್ಡದ ಫೋಟೋ ಹೊಡೆದು ಅವರ ಕೈಗೇ ಕೊಟ್ಟೆ. ಅವರು ಪರದೆ ನೋಡಿದರು, ಗುಡ್ಡ ನೋಡಿದರು. "ಇದರಾಗ ಗವಿ ಕರ್ರಗ ಐತಿ. ಅಲ್ಲಿ ಹಂಗಿಲ್ಲ ಬಿಡ್ರಿ" ಎಂದು ಎಮ್ಮೆಯ ಹಿಂದೆ ನಡೆದರು.

ಕ್ಯಾಮೆರಾ ಬಿಸಿಲಿನ ಭಾಗಕ್ಕೆ ಹೊಂದಿಕೊಂಡರೆ ನೆರಳು ಕಪ್ಪಾಗುತ್ತದೆ. ಈಗಿನ ಫೋನುಗಳು ಜಾಣತನ ಮಾಡಿ ನೆರಳನ್ನು ಎತ್ತಿಕೊಡುತ್ತವೆ, ಆಗ ಅದು ಬೂದಿ ಬಳಿದಂತಾಗುತ್ತದೆ. ಅಲ್ಲೇ ಕೂತ ಕಣ್ಣಿಗೆ ಕಾಣುವುದು ಬೇರೆ. ನೆರಳಿನಲ್ಲಿರುವ ಬಂಡೆಯ ಆಕಾಶಕ್ಕೆ ತೆರೆದ ಮೈ ನೀಲಿಗೆ ತಿರುಗಿರುತ್ತದೆ. ನೆಲದ ಕಡೆ ಬಾಗಿದ ಮೈಗೆ, ಗುಹೆಯ ಮುಂಚಾಚಿನ ಕೆಳಭಾಗಕ್ಕೆ, ಬಿಸಿಲು ಕಾಯ್ದ ಕೆಂಪು ನೆಲದ ಬೆಳಕು ಪುಟಿದು ಬಂದು ಕೇಸರಿ ಹತ್ತಿರುತ್ತದೆ. ಎರಡೂ ಸೇರುವಲ್ಲಿ ನೇರಳೆ. ಇಷ್ಟೆಲ್ಲ ನಡೆಯುವುದು ಒಂದೇ ನೆರಳಿನೊಳಗೆ. ಕಪ್ಪು ಟ್ಯೂಬನ್ನು ನಾನು ಇಟ್ಟುಕೊಳ್ಳದಿರುವುದು ಇದೇ ಕಾರಣಕ್ಕೆ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಬರೆದ ರುಮಾಲೆ ಚನ್ನಬಸವಯ್ಯನವರ (1910-1988) ಚಿತ್ರಗಳ ಮುಂದೆ ಒಮ್ಮೆ ನಿಂತು ಬನ್ನಿ, ನಾನು ಹೇಳುವುದು ಬೇಗ ತಿಳಿಯುತ್ತದೆ.

ಯಾವಾಗ ಹೋಗಬೇಕು ಎನ್ನುವುದಕ್ಕೆ ಸೂರ್ಯನ ಲೆಕ್ಕ ಬೇಕು. ನಾಲ್ಕು ಗುಹಾಲಯಗಳಿರುವ ದಕ್ಷಿಣದ ಗುಡ್ಡ ಕೆರೆಯ ಕಡೆಗೆ, ಹೆಚ್ಚುಕಡಿಮೆ ಉತ್ತರಕ್ಕೆ ಮುಖ ಮಾಡಿದೆ. ಡಿಸೆಂಬರ್-ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಆ ಮುಖ ಬಹುಪಾಲು ನೆರಳಿನಲ್ಲೇ ಇರುತ್ತದೆ, ಎದುರಿನ ಉತ್ತರ ಗುಡ್ಡ ಮಾತ್ರ ಧಗಧಗ ಉರಿಯುತ್ತಿರುತ್ತದೆ. ನೆರಳು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಾದಾಮಿ ಇರುವುದು ಸುಮಾರು 16 ಡಿಗ್ರಿ ಅಕ್ಷಾಂಶದಲ್ಲಿ. ಹಾಗಾಗಿ ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ, ಗುಹೆಗಳಿರುವ ಮುಖಕ್ಕೂ ಬಿಸಿಲು ತಾಗುತ್ತದೆ. ಅದೇ ಜಾಗ, ಪೂರಾ ಬೇರೆ ಚಿತ್ರ. ಕೆರೆಯ ಪೂರ್ವ ತುದಿಯ ಭೂತನಾಥ ಗುಡಿಗೆ ಸಂಜೆಯ ಬೆಳಕು ವರ್ಷವಿಡೀ ಚೆನ್ನ. ಆದರೆ ಅದನ್ನು ಎಲ್ಲರೂ ಬರೆದಾಗಿದೆ, ನನಗೂ ಸಾಕಾಗಿದೆ.

ಸ್ಮಾರಕದ ಆವರಣಗಳಲ್ಲಿ ಟ್ರೈಪಾಡ್ ಕಂಡರೆ ಅನುಮತಿ ಕೇಳುತ್ತಾರೆ. ಚಿತ್ರದ ಹಲಗೆ ನಿಲ್ಲಿಸುವ ಈಸಲ್ಲೂ ಅವರ ಕಣ್ಣಿಗೆ ಟ್ರೈಪಾಡೇ. ಅದಕ್ಕೆ ನನ್ನದು ಮಡಚುವ ಸ್ಟೂಲು, ತೊಡೆಯ ಮೇಲೆ ಹಲಗೆ. ತಿನ್ನುವ ಪದಾರ್ಥ ಚೀಲದಲ್ಲಿರಲೇಬಾರದು. ಬಾದಾಮಿಯ ಮಂಗಗಳಿಗೆ ಜಿಪ್ ತೆಗೆಯಲು ಬರುತ್ತದೆ.

ಕೂತ ತಕ್ಷಣ ಬಣ್ಣ ಮುಟ್ಟುವುದಿಲ್ಲ. ಅಂಗೈಯಗಲದ ಪುಸ್ತಕದಲ್ಲಿ ಪೆನ್ಸಿಲಿನಿಂದ ಮೂರೇ ಟೋನಿನ ಪುಟ್ಟ ಸ್ಕೆಚ್: ಬಿಳಿ, ನಡು, ಗಾಢ. ಪಕ್ಕದಲ್ಲಿ ಗಂಟೆ ಎಷ್ಟು, ಬಿಸಿಲು ಯಾವ ಕಡೆಯಿಂದ ಎಂದು ಒಂದು ಬಾಣದ ಗುರುತು. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ನೀವು ಆಕಾಶ, ಮರ, ಮೆಟ್ಟಿಲು ಮುಗಿಸಿ ನೆರಳಿಗೆ ಬರುವಷ್ಟರಲ್ಲಿ ಅದು ಮೊದಲಿನ ಆಕಾರದಲ್ಲಿ ಇರುವುದೇ ಇಲ್ಲ. ಆದ್ದರಿಂದ ಕಾಗದದ ಮೇಲೂ ನೆರಳೇ ಮೊದಲು. ಅಲ್ಟ್ರಾಮರೀನ್ ನೀಲಿಗೆ ಲೈಟ್ ರೆಡ್ ಬೆರೆಸಿ ಇಡೀ ನೆರಳನ್ನು ತೆಳು ನೀರುಬಣ್ಣದ ಒಂದೇ ಪದರದಲ್ಲಿ, ಅಂದರೆ ಒಂದೇ ವಾಶ್‌ನಲ್ಲಿ ಹಾಕಿ, ಹಸಿ ಇರುವಾಗಲೇ ಕೆಳಗಿನ ಅಂಚಿಗೆ ಕೆಂಗಂದು ಬರ್ನ್ಟ್ ಸಿಯೆನ್ನಾ ತೊಟ್ಟಿಕ್ಕಿಸುತ್ತೇನೆ. ಅದು ತಾನಾಗಿ ಮೇಲೇರಲಿ. ಬ್ರಷ್ ತೆಗೆದುಕೊಂಡು ಅದಕ್ಕೆ ಬುದ್ಧಿ ಹೇಳಲು ಹೋದರೆ ರಾಡಿಯಾಗುತ್ತದೆ. ಜಲವರ್ಣ ಒಣಗಿದಾಗ ತಿಳಿಯಾಗುವುದರಿಂದ, ಬೇಕೆನಿಸಿದ್ದಕ್ಕಿಂತ ಒಂದು ಮೆಟ್ಟಿಲು ಗಾಢವಾಗಿಯೇ ಹಾಕಬೇಕು. ನೆರಳಿನ ಆಕಾರ ಒಮ್ಮೆ ಕೂತಿತೆಂದರೆ ಆಮೇಲೆ ಎದುರಿನ ನೆರಳು ಎಲ್ಲಿಗೆ ಸರಿದರೂ ನಾನು ಬದಲಿಸುವುದಿಲ್ಲ. ಒಂದೂವರೆ ಗಂಟೆಯಾದ ಮೇಲೆ ಏಳುವುದೇ ಒಳ್ಳೆಯದು, ಚಿತ್ರ ಅರ್ಧವಾಗಿದ್ದರೂ ಸರಿ. ಅಂಚಿನ ಬಿಳಿ ಜಾಗದಲ್ಲಿ ಟಿಪ್ಪಣಿ ಬರೆದಿಡುತ್ತೇನೆ: "ಚಾಚಿನ ಕೆಳಗೆ ಕೇಸರಿ, ಎಣಿಸಿದ್ದಕ್ಕಿಂತ ಬೆಳಕು", "ನೀರಿನ ಹಸಿರು ಮಂದ, ಆಕಾಶ ಬಿದ್ದಲ್ಲಿ ಮಾತ್ರ ನೀಲಿ".

ಏಪ್ರಿಲ್‌ನ ಬಾದಾಮಿಯಲ್ಲಿ ವಾಶ್ ಎಳೆಯುತ್ತಿದ್ದಂತೆ ಒಣಗಿ ಗೆರೆ ಮೂಡುತ್ತದೆ. 300 ಜಿಎಸ್ಎಂನ ದಪ್ಪ ಹತ್ತಿ ಕಾಗದವನ್ನು ಎರಡೂ ಬದಿ ನೆನೆಸಿ ಹಲಗೆಗೆ ಅಂಟಿಸಿಕೊಂಡರೆ, ನೀರಿಗೆ ನಾಲ್ಕು ಹನಿ ಗ್ಲಿಸರಿನ್ ಹಾಕಿಕೊಂಡರೆ ಸ್ವಲ್ಪ ಸಮಯ ಸಿಗುತ್ತದೆ. ಕಾಗದದ ಮೇಲೆ ನೇರ ಬಿಸಿಲು ಬೀಳಬಾರದು. ಬಿಸಿಲಿನ ಹೊಳಪಿನಲ್ಲಿ ಹಾಕಿದ ಬಣ್ಣ ಮನೆಯೊಳಗೆ ಮಂಕಾಗಿ ಕಾಣುತ್ತದೆ. ಹಾಗೆಂದು ಬಣ್ಣಬಣ್ಣದ ಕೊಡೆ ಹಿಡಿದರೆ ಅದರ ಬಣ್ಣವೆಲ್ಲ ಕಾಗದದ ಮೇಲೆ. ಬಿಳಿ ಕೊಡೆ, ಇಲ್ಲವೇ ಬೇವಿನ ಮರ.

ಮಳೆಗಾಲದ ಮಲೆನಾಡಿನಲ್ಲಿ ಇದರ ತದ್ವಿರುದ್ಧ. ವಾಶ್ ಒಣಗುವುದೇ ಇಲ್ಲ, ಕಾಗದದ ಮೈಗೆ ಹಚ್ಚಿ ಬರುವ ಅಂಟು ತೇವಕ್ಕೆ ಕೆಟ್ಟು ಕಾಗದ ಶಾಯಿ ಹೀರುವ ಕಾಗದದಂತೆ ಬಣ್ಣ ಕುಡಿಯುತ್ತದೆ. ಕಾಗದಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಬೇಕು. ಮಂಜು ಬರೆಯುವ ಆಸೆ ಇರುವವರು ಹೋಗಿ ಬರಲಿ. ನನಗೆ ಬಯಲುಸೀಮೆಯ ಬೆಳಕೇ ಇಷ್ಟ.

ಇನ್ನು ಸ್ಟುಡಿಯೋ. ಮೂರು ಅಡಿ, ನಾಲ್ಕು ಅಡಿಯ ತೈಲವರ್ಣಗಳೆಲ್ಲ ಮನೆಯಲ್ಲೇ ಆಗುವುದು. ಪುಸ್ತಕಗಳೆಲ್ಲ ಕಲಾವಿದನಿಗೆ ಉತ್ತರದ ಕಿಟಕಿ ಬೇಕು, ಅದರಲ್ಲಿ ನೇರ ಬಿಸಿಲು ಬರುವುದಿಲ್ಲ, ದಿನವಿಡೀ ಒಂದೇ ಬೆಳಕು ಎನ್ನುತ್ತವೆ. ಆ ಮಾತು ಹುಟ್ಟಿದ್ದು ಯುರೋಪಿನಲ್ಲಿ. ಬಾದಾಮಿಯ ಗುಡ್ಡಕ್ಕೆ ಹೇಳಿದ ಸೂರ್ಯನ ಲೆಕ್ಕವೇ ನನ್ನ ಧಾರವಾಡದ ಕಿಟಕಿಗೂ ಅನ್ವಯ. ಬೇಸಿಗೆಯಲ್ಲಿ ಬೆಳಗ್ಗೆ ಒಂದು ಮೂಲೆಯಿಂದ, ಸಂಜೆ ಇನ್ನೊಂದು ಮೂಲೆಯಿಂದ ಬಿಸಿಲು ಒಳಬಂದು ಕ್ಯಾನ್ವಾಸಿನ ಮೇಲೇ ಕೂರುತ್ತದೆ. ಗಾಜಿಗೆ ಟ್ರೇಸಿಂಗ್ ಪೇಪರ್ ಅಂಟಿಸಿದ್ದೇನೆ, ಆ ತಿಂಗಳುಗಳಲ್ಲಿ ಮೇಲೊಂದು ಬಿಳಿ ಪಂಚೆ. ರಾತ್ರಿ ಕೆಲಸಕ್ಕೆ ಹಗಲಿನಂತೆ ಬಿಳಿ ಬೆಳಕಿನ, 5000 ಕೆಲ್ವಿನ್‌ನ, ಸಿಆರ್‌ಐ (ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ನೂರರ ಅಳತೆ) 95 ಇರುವ ಎಲ್‌ಇಡಿ. ಕೊಳ್ಳುವವರ ಮನೆಯಲ್ಲಿ ಮಾತ್ರ ಸಾಮಾನ್ಯವಾಗಿ ಹಳದಿ ದೀಪ, ಅದರಡಿ ನೆರಳಿನ ನೀಲಿ ಸತ್ತುಹೋಗುತ್ತದೆ. ಅದಕ್ಕೆ ಸಹಿ ಹಾಕುವ ಮುಂಚೆ ಚಿತ್ರವನ್ನು ನಡುಮನೆಯ ಹಳದಿ ದೀಪದ ಕೆಳಗೂ ಒಂದು ರಾತ್ರಿ ಇಟ್ಟು ನೋಡುತ್ತೇನೆ.

ಕ್ಯಾನ್ವಾಸಿನ ಪಕ್ಕದಲ್ಲಿ ತೂಗುವುದು ಜಲವರ್ಣದ ಸ್ಕೆಚ್ಚು, ಫೋಟೋ ಅಲ್ಲ. ಫೋಟೋ ಬೇಕಾಗುವುದು ಕಂಬ ಎಷ್ಟು, ಮೆಟ್ಟಿಲ ಸಾಲು ಎಲ್ಲಿ ತಿರುಗುತ್ತದೆ ಎಂದು ನೋಡಲು. ನೋಡಿದ ಮೇಲೆ ಫೋನು ಪಕ್ಕದ ಕೋಣೆಗೆ ಹೋಗುತ್ತದೆ. ಸ್ಕೆಚ್ಚನ್ನು ಹಾಗೇ ದೊಡ್ಡದು ಮಾಡುವುದೂ ಕೆಲಸವಲ್ಲ. ಅಂಗೈಯಷ್ಟಿದ್ದ ನೆರಳು ಕ್ಯಾನ್ವಾಸಿನಲ್ಲಿ ಎರಡು ಅಡಿಯಾದಾಗ ಅದರೊಳಗೆ ನೋಡಲು ಏನಾದರೂ ಇರಬೇಕು. ಟರ್ಪೆಂಟೈನ್‌ನಲ್ಲಿ ತೆಳುವಾಗಿಸಿದ ಮಣ್ಣು ಹಳದಿ ಯೆಲ್ಲೋ ಓಕರ್ ಬಳಿದು ಶುರು ಮಾಡುತ್ತೇನೆ, ನೀಲಿಯ ಸಂದಿಗಳಲ್ಲಿ ಆ ಬಿಸಿ ಇಣುಕುತ್ತಿರುತ್ತದೆ. ಮುಂದಿನ ಪದರಗಳಿಗೆ ಅಗಸೆ ಎಣ್ಣೆ ಸ್ವಲ್ಪ ಸ್ವಲ್ಪವೇ ಹೆಚ್ಚಬೇಕು, ತಿರುಗುಮುರುಗಾದರೆ ಮುಂದೆ ಬಿರುಕು. ಎಣ್ಣೆ ಒದ್ದೆ ಬಟ್ಟೆಯಂತೆ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಿಸುತ್ತೇನೆ, ಕೊಂಡವರಿಗೂ ಅದನ್ನೇ ಹೇಳಿ ಕಳಿಸುತ್ತೇನೆ.

ದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು ಸ್ಕೆಚ್ಚಿನಲ್ಲಿ ಬರೆದುಕೊಂಡಿರುತ್ತೇನೆ. ದೊಡ್ಡ ಚಿತ್ರದಲ್ಲಿ ಉಳಿಯುವುದು ಒಬ್ಬರೋ ಇಬ್ಬರೋ, ಅದೂ ನೆರಳಿನ ಅಂಚಿನಲ್ಲಿ, ಸೀರೆಯ ಒಂದು ಚುಕ್ಕೆ ಬಿಸಿಲಿಗೆ ಬರುವಂತೆ. ವಿದ್ಯುತ್ ಕಂಬ, ಫಲಕ, ಬೇಲಿ ಎಲ್ಲ ಹೋಗುತ್ತವೆ. ಬಂಡೆಯ ಮೇಲೆ ನೀರಿಳಿದ ಕಪ್ಪು ಕಲೆಗಳನ್ನು ತೆಗೆಯುವುದಿಲ್ಲ, ಅವು ಹೋದರೆ ಅದು ಬಾದಾಮಿಯಲ್ಲ.

ಹೊಟ್ಟೆಪಾಡಿನ ಮಾತು. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ನನ್ನ ಚಿಕ್ಕ ಜಲವರ್ಣಗಳು ಹೋಗುತ್ತವೆ, ದೊಡ್ಡ ತೈಲವರ್ಣಗಳಿಗೆ ಗ್ಯಾಲರಿ ಬೇಕು, ಗ್ಯಾಲರಿಗೆ ದೊಡ್ಡ ಪಾಲು ಕೊಡಬೇಕು. ಮಾರುವ ಚಿತ್ರದಲ್ಲಿ ಅಲಿಜರಿನ್ ಕ್ರಿಮ್ಸನ್ ಎಂಬ ಕೆಂಪು ಬಳಸುವುದಿಲ್ಲ, ಬೆಳಕಿಗೆ ಮಾಸುತ್ತದೆ. ಟ್ಯೂಬಿನ ಮೇಲೆ ಬಣ್ಣದ ಸಂಕೇತ ಪಿಆರ್ 83 ಎಂದಿದ್ದರೆ ಅದೇ. ನೇರಳೆಗೆ ಪಿವಿ 19 ಎಂದಿರುವ ಕ್ವಿನಾಕ್ರಿಡೋನ್ ಸಾಕು. ದೊಡ್ಡ ಚಿತ್ರ ನೋಡಲು ಸ್ಟುಡಿಯೋಗೆ ಬಂದವರು ಎಷ್ಟೋ ಸಲ ಪಕ್ಕದಲ್ಲಿ ತೂಗಿದ, ಟಿಪ್ಪಣಿ ಗೀಚಿದ ಸ್ಕೆಚ್ಚಿಗೆ ಬೆಲೆ ಕೇಳುತ್ತಾರೆ. ಅದರಿಂದ ಇನ್ನೂ ಒಂದು ಕ್ಯಾನ್ವಾಸ್ ಹುಟ್ಟಬಹುದು ಅನ್ನಿಸಿದರೆ ಕೊಡುವುದಿಲ್ಲ. ಉಳಿದವನ್ನು ಟಿಪ್ಪಣಿ ಸಮೇತ ಚೌಕಟ್ಟು ಹಾಕಿಸಿ ಕೊಡುತ್ತೇನೆ.